ಇಲ್ಲದ ರೊಟ್ಟಿಯ ಮೈಲಿಗೆ

ಇಲ್ಲದ ರೊಟ್ಟಿಗೂ ಮೈಲಿಗೆ ಅಂಟುತ್ತದೆ ಎಂದು ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ನಾನು ಕಲಿತದ್ದು ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿ ಕಡೆಗೆ ಹೋಗುವ ಬಸ್ಸು ಒಂದು ಗಳಿಗೆ ನಿಂತು ಹೋಗುತ್ತಿದ್ದ ಊರಿನಲ್ಲಿ, ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಓದಿದರೆ ಅವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ.

ನಾನು ಆ ಊರಿನ ಅಂಗನವಾಡಿ ಕಾರ್ಯಕರ್ತೆ, ಊರವರ ಬಾಯಲ್ಲಿ ಟೀಚರಮ್ಮ. ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಅಬ್ಬಾ ತಗಡಿನ ಕೆಲಸದವರು. ಬಕೆಟ್ಟು, ಲಾಳಿಕೆ, ಸೀಮೆಎಣ್ಣೆ ಬುಡ್ಡಿ ಮಾಡುತ್ತಿದ್ದರು, ತೂತು ಬಿದ್ದ ಕೊಡಕ್ಕೆ ತೇಪೆ ಹಾಕುತ್ತಿದ್ದರು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೆ. ಸಾಬರ ಹುಡುಗಿ ನಮ್ಮ ಮಕ್ಕಳಿಗೆ ಏನು ಕಲಿಸಿಯಾಳು ಎಂದು ಮೊದಮೊದಲು ಕೆಲವರು ಮೂಗು ಮುರಿದರು. ಗೋಧಿ ರವೆಯ ಉಪ್ಪಿಟ್ಟಿನ ವಾಸನೆ ಬಂದ ಮೇಲೆ ಮುರಿದ ಮೂಗು ತಾನಾಗಿಯೇ ನೆಟ್ಟಗಾಯಿತು.

ಕೇಂದ್ರ ನಡೆಯುತ್ತಿದ್ದದ್ದು ಊರಿನ ಯಜಮಾನರು ಬಿಟ್ಟುಕೊಟ್ಟ ಕೋಣೆಯಲ್ಲಿ. ಹಿಂದೆ ಶೇಂಗಾ ಚೀಲ ಒಟ್ಟುತ್ತಿದ್ದ ಕೋಣೆ ಅದು. ಎಷ್ಟು ಗುಡಿಸಿದರೂ ಮೂಲೆಯಿಂದ ಶೇಂಗಾ ಸಿಪ್ಪೆ ಬರುತ್ತಲೇ ಇತ್ತು. ಮೇಲಿನ ಓಣಿಯ ಮಕ್ಕಳು ಬರುತ್ತಿದ್ದರು, ಕೆಳಗಿನ ಕೇರಿಯ ಮಕ್ಕಳೂ ಬರುತ್ತಿದ್ದರು. ಕೇರಿಯ ಮಕ್ಕಳನ್ನು ಬಾಗಿಲ ಹತ್ತಿರ ಬೇರೆ ಸಾಲಿನಲ್ಲಿ ಕೂರಿಸಬೇಕು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾನು ಅರ್ಥ ಮಾಡಿಕೊಳ್ಳಲಿ ಎಂದು ಕಾದರು. ನಾನು ಅರ್ಥ ಮಾಡಿಕೊಳ್ಳಲಿಲ್ಲ. ಮೊದಲ ದಿನದಿಂದಲೇ ಎಲ್ಲರನ್ನೂ ದುಂಡಗೆ ಕೂರಿಸಿದೆ. ದುಂಡಗೆ ಕೂತರೆ ಕೊನೆ ಎಂಬುದೇ ಇರುವುದಿಲ್ಲ. ಉಪ್ಪಿಟ್ಟು ಮಾಡುವ ಆಯಾ ಮೇಲಿನ ಓಣಿಯವಳೇ ಆದ್ದರಿಂದ ಗೊಣಗಾಟ ಅಲ್ಲಿಗೇ ನಿಂತಿತು.

ತರಬೇತಿಯಲ್ಲಿ ನಮಗೆ ಪಾಠ ಮಾಡಿದ ಮೇಡಂ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಆಟದ ಮೂಲೆಯ ಬಗ್ಗೆ. ಬೆಳಗಿನ ಹಾಡು ಮುಗಿದ ಮೇಲೆ, ಉಪ್ಪಿಟ್ಟಿಗೆ ಮೊದಲು, ಮಕ್ಕಳಿಗೆ ತಮಗೆ ಬೇಕಾದ ಆಟ ಕಟ್ಟಿಕೊಳ್ಳಲು ಬಿಡಬೇಕು. ಮನೆ ಆಟ, ಬಸ್ಸಿನ ಆಟ, ಸಂತೆ ಆಟ, ಯಾವುದಾದರೂ ಸರಿ. ಯಾರು ಏನಾಗಬೇಕು ಎಂದು ನಾವು ಹೇಳಕೂಡದು. ಗೋಡೆ ಹಿಡಿದು ಸುಮ್ಮನೆ ಕೂರಬೇಕು, ನೋಡುತ್ತಿರಬೇಕು, ಮಗು ಕೇಳಿದರೆ ಮಾತ್ರ ಉತ್ತರ ಕೊಡಬೇಕು. "ಕಲ್ಲನ್ನು ಬದನೆಕಾಯಿ ಅಂತ ಒಪ್ಪಿಕೊಂಡ ಮಗು ನಾಳೆ ನೀವು ಬರೆದ ಗೆರೆಯನ್ನು ಅಕ್ಷರ ಅಂತ ಒಪ್ಪಿಕೊಳ್ಳುತ್ತದೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದನ್ನೂ ಮಗು ಆಟದಲ್ಲೇ ಕಲಿಯುವುದು" ಎಂದಿದ್ದರು. ಎರಡನೆಯ ಮಾತು ಎಷ್ಟು ಅಪಾಯದ್ದು ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಆಟದ ಮೂಲೆಗೆ ಸರ್ಕಾರ ಏನೂ ಕೊಟ್ಟಿರಲಿಲ್ಲ. ಕೊಡದಿದ್ದದ್ದೇ ಒಳ್ಳೆಯದಾಯಿತು. ಅಂಗಡಿಯ ಗೊಂಬೆ ಕೊಟ್ಟರೆ ಅದು ಗೊಂಬೆಯೇ ಆಗಿರುತ್ತದೆ. ಒಂದು ಕಟ್ಟಿಗೆ ತುಂಡು ಕೊಟ್ಟರೆ ಕೂಸೂ ಆಗುತ್ತದೆ, ಎತ್ತೂ ಆಗುತ್ತದೆ, ಬೇಜಾರಾದರೆ ಬಸ್ಸಿನ ಗೇರೂ ಆಗುತ್ತದೆ. ಕರಟಗಳನ್ನು ಕೂಡಿಹಾಕಿ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದೆ. ಜೋಳದ ದಂಟಿನ ಸಿಪ್ಪೆ ಕೈ ಕೊಯ್ಯುತ್ತದೆ, ಅದಕ್ಕೆ ಒಳಗಿನ ಬೆಂಡು ಮಾತ್ರ ತೆಗೆದಿಟ್ಟೆ. ಹರಿದ ಮೊರ, ಮುರಿದ ಇಟ್ಟಿಗೆ, ಅಮ್ಮಿಯ ಹಳೆ ಸೀರೆಯ ತುಂಡುಗಳು ಬಂದವು. ಅಬ್ಬಾ ಅಂಗೈ ಅಗಲದ ರೊಟ್ಟಿ ಹಂಚು ಮಾಡಿ, ಮಕ್ಕಳಿಗೆ ತಾಗದ ಹಾಗೆ ಅಂಚನ್ನು ಒಳಕ್ಕೆ ಮಡಿಚಿ ಬಡಿದುಕೊಟ್ಟರು. ಉಳಿದ ತಗಡಿನ ಚೂರುಗಳನ್ನು ದಾರಕ್ಕೆ ಪೋಣಿಸಿ ಬೀಗದ ಕೈ ಗೊಂಚಲನ್ನೂ ಮಾಡಿದರು. ನಮ್ಮ ಮನೆಯ ಮಾತು ಉರ್ದು. ಅಬ್ಬಾ ಆಡಿದ್ದನ್ನು ಕನ್ನಡದಲ್ಲಿ ಬರೆದರೆ, "ಇಂಥಾ ಕೆಲಸ ಮಾಡಿ ಬಹಳ ದಿನ ಆಗಿತ್ತು" ಅಂದರು.

ಆ ಬೀಗದ ಕೈ ಗೊಂಚಲನ್ನು ಮೊದಲ ದಿನವೇ ಸೊಂಟಕ್ಕೆ ಸಿಕ್ಕಿಸಿಕೊಂಡವಳು ಕೇರಿಯ ಒಬ್ಬ ಹುಡುಗಿ. ನಾಲ್ಕು ತುಂಬಿತ್ತೋ ಇಲ್ಲವೋ. ಅವಳ ತಾಯಿ ಯಜಮಾನರ ಮನೆಯ ದನದ ಕೊಟ್ಟಿಗೆ ಗುಡಿಸುತ್ತಿದ್ದಳು, ಸಗಣಿ ಎತ್ತುತ್ತಿದ್ದಳು. ಕೆಲಸ ಮುಗಿದ ಮೇಲೆ ಹಿತ್ತಲ ಬಾಗಿಲ ಆಚೆ ನಿಂತು ರೊಟ್ಟಿಗೆ ಬೊಗಸೆ ಒಡ್ಡುತ್ತಿದ್ದಳು. ಯಜಮಾನರ ತಾಯಿ, ಆಳುಗಳ ಬಾಯಲ್ಲಿ ದೊಡ್ಡಮನೆ ಅಮ್ಮಾರು, ಒಳಗಿನಿಂದಲೇ ಮೇಲಿಂದ ಬಿಡುತ್ತಿದ್ದರು, ಬೆರಳು ಸೋಕದ ಹಾಗೆ. ಆಗೆಲ್ಲ ಈ ಹುಡುಗಿ ತಾಯಿಯ ಸೆರಗು ಹಿಡಿದು ನಿಂತಿರುತ್ತಿದ್ದಳು, ಕಣ್ಣು ಬಿಟ್ಟು ನೋಡುತ್ತಿದ್ದಳು. ಎಷ್ಟು ನೋಡಿದ್ದಳು ಎಂದು ನನಗೆ ತಿಳಿದದ್ದು ಅವಳು ಆಟ ಕಟ್ಟಿದಾಗ.

ಇಟ್ಟಿಗೆ ಚೂರುಗಳನ್ನು ಸುತ್ತ ಜೋಡಿಸಿ ಮನೆ ಮಾಡಿದಳು, ಒಂದು ಕಡೆ ಬಾಗಿಲಿಗೆ ಜಾಗ ಬಿಟ್ಟಳು. ಒಂದು ಕೈ ಸೊಂಟದ ಹಿಂದೆ ಇಟ್ಟುಕೊಂಡು, ಬೀಗದ ಕೈ ಝಲ್ಲೆನ್ನಿಸುತ್ತ, ನಾಲಿಗೆ ಲೊಚಗುಟ್ಟುತ್ತ ನಡೆದಳು. ಮೊರ ಬೋರಲು ಹಾಕಿ ಅದರ ಮೇಲೆ ಬರಿಗೈಯಲ್ಲಿ ತಟ್ಟತೊಡಗಿದಳು. ಹಿಟ್ಟಿಲ್ಲ, ಮಣ್ಣಿಲ್ಲ, ಎಲೆಯೂ ಇಲ್ಲ. ಆದರೂ ತಟ್ಟುವ ಲಯ, ನಡುನಡುವೆ ಅಂಚು ತಿರುಗಿಸುವುದು, ಹಂಚಿಗೆ ಹಾಕಿ ನೀರು ಸವರುವುದು, ಒಂದೂ ತಪ್ಪಿರಲಿಲ್ಲ.

"ನಾ ಅಮ್ಮಾರು. ಯಾರು ಆಳು ಆಗ್ತೀರಿ?" ಎಂದು ಕೇಳಿದಳು.

ಓಡಿ ಬಂದವನು ಯಜಮಾನರ ಮಗ. ಆಳು ಆಗುವುದೆಂದರೆ ಅವನಿಗೆ ಬಹಳ ದೊಡ್ಡ ಕೆಲಸ ಸಿಕ್ಕ ಹಾಗೆ. ಕಟ್ಟಿಗೆಯ ಎತ್ತು ಮೇಯಿಸಿಕೊಂಡು ಬಂದ, ಸಗಣಿ ಎತ್ತಿದ, ಇಟ್ಟಿಗೆ ಗೆರೆಯ ಆಚೆ ನಿಂತು ಬೊಗಸೆ ಒಡ್ಡಿದ.

"ಅಮ್ಮಾರ, ರೊಟ್ಟಿ ನೀಡ್ರಿ."

ಹುಡುಗಿ ಹಿಮ್ಮಡಿ ಎತ್ತಿ, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಿಂದ ರೊಟ್ಟಿ ಬಿಟ್ಟಳು. ಅವನು ಗಬಕ್ಕನೆ ಹಿಡಿದು ತಿಂದ.

ಹಾಗೆ ಮೇಲಿಂದ ಬಿಡಬಾರದಮ್ಮ, ಕೈಗೆ ಕೊಡು, ಅವನನ್ನು ಒಳಗೆ ಕರೆದು ಕೂರಿಸು ಎಂದು ಹೇಳಲು ನಾಲಿಗೆ ತುದಿಗೆ ಬಂತು. ಹೇಳಿದ್ದರೆ ಅದು ನನ್ನ ಆಟವಾಗುತ್ತಿತ್ತು, ಅವಳದ್ದಾಗಿ ಉಳಿಯುತ್ತಿರಲಿಲ್ಲ. ರೊಟ್ಟಿ ಕೊಡುವುದೆಂದರೆ ಹೀಗೆಯೇ ಎಂದು ಅವಳು ನಂಬಿದ್ದಳು, ಬೇರೆ ರೀತಿ ಕೊಡುವುದನ್ನು ಆ ಮನೆಯಲ್ಲಿ ಅವಳು ಕಂಡಿರಲಿಲ್ಲ. ಹಲ್ಲು ಕಚ್ಚಿ ಗೋಡೆ ಹಿಡಿದು ಕೂತೆ. ಆಯಾ ಬಾಗಿಲಲ್ಲಿ ನಿಂತು ನೋಡಿದಳು. "ಥೇಟ್ ದೊಡ್ಡಮನಿ ಅಮ್ಮಾರ ನೋಡ್ರಿ. ಆ ಲೊಚ್ ಅನ್ನೋದು ಸೈತ ಬಿಟ್ಟಿಲ್ಲ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಟ ಅನೇಕ ದಿನ ನಡೆಯಿತು, ಬೆಳೆಯಿತು. ಆಟದ ಬಸ್ಸಿಗೆ ಕಂಡಕ್ಟರ್ ಆಗಿದ್ದ ಹುಡುಗ ದೊಡ್ಡಮನೆಗೆ ನೆಂಟರನ್ನು ಇಳಿಸಿ ಹೋಗುತ್ತಿದ್ದ. ಮೊದಲು ಒಂದೊಂದೇ ಮಾತು ಆಡುತ್ತಿದ್ದ ಮಕ್ಕಳು ಈಗ ಉದ್ದುದ್ದ ಜಗಳ ಆಡುತ್ತಿದ್ದರು, ರಾಜಿಯಾಗುತ್ತಿದ್ದರು, ತಮ್ಮ ಸರದಿಗೆ ಕಾಯುತ್ತಿದ್ದರು. ಕೆಲಸ ಸರಿಯಾದ ದಾರಿಯಲ್ಲಿದೆ ಎಂದು ನನಗೆ ಹೆಮ್ಮೆಯೇ ಆಗಿತ್ತು.

ಒಂದು ಬೆಳಿಗ್ಗೆ ಬಸ್ಸಿಳಿದು ಬಂದರೆ ಕೋಣೆಯ ಬಾಗಿಲಲ್ಲಿ ಯಜಮಾನರ ತಾಯಿ ನಿಂತಿದ್ದರು. ಸೊಂಟದಲ್ಲಿ ನಿಜವಾದ ಬೀಗದ ಕೈ. ಊರಲ್ಲಿ ಮಾತು ಯಜಮಾನರದ್ದು, ಯಜಮಾನರ ಬಾಯಿಗೆ ಆ ಮಾತು ಹಾಕುವವರು ಇವರು.

"ಟೀಚರಮ್ಮ, ನಿನ್ನಿ ನನ್ನ ಮೊಮ್ಮಗ ಹಿತ್ತಲ ಬಾಗಲದಾಗ ನಿಂತು ಬೊಗಸಿ ಒಡ್ಡ್ಯಾನ. ಅಮ್ಮಾರ ರೊಟ್ಟಿ ನೀಡ್ರಿ ಅಂತಾನ. ನಮ್ಮ ಮನ್ಯಾಗ ಹುಟ್ಟಿದ ಕೂಸು."

"ಆಟ ಆಡ್ಯಾನಮ್ಮ. ಆಳು ಆಗಿದ್ದ."

"ಆಕಿ ಕೈಯಾಗ ತಿಂದಾನಂತ."

"ಏನು ತಿಂದಾನ?"

"ರೊಟ್ಟಿ."

"ಯಾವ ರೊಟ್ಟಿ ಅಮ್ಮ? ಅಲ್ಲಿ ಏನೂ ಇರಂಗಿಲ್ಲ. ಬರೀ ಕೈ ತಟ್ತಾಳ."

"ಬಾಯಾಗ ಇಟ್ಕೊಂಡಾನೋ ಇಲ್ಲೋ?"

"ಇಟ್ಕೊಂಡಂಗ ಮಾಡ್ಯಾನ."

"ನುಂಗ್ಯಾನೋ ಇಲ್ಲೋ?"

"ನುಂಗಿದಂಗ ಮಾಡ್ಯಾನ."

"ಮತ್ತ? ಅದಕ್ಕ ತಲಿ ಮ್ಯಾಲೆ ನೀರು ಹಾಕಿ ಒಳಗ ಕರಕೊಂಡೀನಿ. ಇವತ್ತಿಂದ ಆ ಆಟ ಬ್ಯಾಡ. ಆಡಿದ್ರ ನಮ್ಮ ಹುಡುಗ ಯಜಮಾನ ಆಗ್ಲಿ, ಆಕಿ ಹೊರಗ ನಿಂದ್ರಲಿ. ನೀವು ಹೇಳ್ರಿ, ನೀವು ಹೇಳಿದ್ರ ಕೇಳ್ತಾವ."

ನನಗೆ ನಗು ಬಂತು, ನಗುವಿನ ಹಿಂದೆಯೇ ಮೈ ಉರಿಯಿತು. ಆ ರೊಟ್ಟಿಯನ್ನು ನಾನು ಬರೀ ಗಾಳಿ ಎಂದುಕೊಂಡಿದ್ದೆ. ಹುಡುಗಿ ಅದನ್ನು ರೊಟ್ಟಿ ಎಂದು ನಂಬಿದ್ದಳು, ಹುಡುಗ ನಂಬಿದ್ದ, ಅವರಿಬ್ಬರಿಗಿಂತ ಗಟ್ಟಿಯಾಗಿ ಈ ಅಜ್ಜಿ ನಂಬಿದ್ದರು.

"ಆಟದಾಗ ನಾನು ಮಾತಾಡಂಗಿಲ್ಲಮ್ಮ. ಯಾರು ಏನಾಗಬೇಕು ಅನ್ನೋದು ಹುಡುಗರ ಕೆಲಸ, ನನ್ನದಲ್ಲ" ಎಂದೆ.

"ಯಾರ ಕೆಲಸ ಅನ್ನೋದು ನಾವು ನೋಡ್ತೀವಿ" ಎಂದು ಹೊರಟುಹೋದರು. ಅವರು ಹೋದ ಮೇಲೆ ಆಯಾ ಪಾತ್ರೆ ತಿಕ್ಕುತ್ತಲೇ ಹೇಳಿದಳು, "ಖರೇ ಉಪ್ಪಿಟ್ಟು ದಿನಾ ಒಂದಾಗ ಕುಂತು ಉಣ್ತಾವ, ಅದಕ್ಕ ಏನೂ ಇಲ್ಲ. ಸುಳ್ಳು ರೊಟ್ಟಿಗೆ ಜಾತಿ ಬಂತು ನೋಡ್ರಿ."

ಆ ವಾರವೇ ನಮ್ಮ ಮೇಲ್ವಿಚಾರಕಿ ತಾಲ್ಲೂಕು ಕೇಂದ್ರದಿಂದ ಬಂದರು. ಯಜಮಾನರು ಹೇಳಿಕಳಿಸಿದ್ದರು. ಮೇಲ್ವಿಚಾರಕಿ ಕೆಟ್ಟವರಲ್ಲ, ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು ಕಾಲು ಊದಿಸಿಕೊಂಡು ಊರೂರು ತಿರುಗುವ ಹೆಂಗಸು. ಮಕ್ಕಳ ತೂಕ ನೋಡಿದರು, ಉಪ್ಪಿಟ್ಟಿನ ರುಚಿ ನೋಡಿದರು, ಆಟದ ಮೂಲೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಆಟ ಚಲೋ ಐತಿ. ಅಕ್ಷರ ತಿದ್ದಸು, ಆಟ ಬಿಡು ಅಂತ ನಾನು ಹೇಳಂಗಿಲ್ಲ. ಎರಡು ಒಲಿ ಮಾಡು. ಒಂದು ಆ ಮೂಲ್ಯಾಗ, ಒಂದು ಈ ಮೂಲ್ಯಾಗ. ಅವರವರ ಅಡಿಗಿ ಅವರವರು ಮಾಡ್ಕೊಳ್ಳಲಿ."

"ಮೇಡಂ, ಅಡಿಗಿನ ಇಲ್ಲಲ್ರಿ ಅಲ್ಲಿ."

"ಅದು ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಕೋಣಿ ಅವರದು. ಬೀಗ ಹಾಕಿದ್ರ ಕೇಂದ್ರ ಮುಚ್ತೈತಿ. ಕೇಂದ್ರ ಮುಚ್ಚಿದ್ರ ಮ್ಯಾಲಿನ ಓಣಿ ಹುಡುಗರಿಗೆ ಏನೂ ಆಗಂಗಿಲ್ಲ, ಮನ್ಯಾಗ ಹಾಲು ಐತಿ. ಉಪ್ಪಿಟ್ಟು ತಪ್ಪೋದು ಆ ಹುಡುಗಿಗೇ. ನಿನ್ನ ಆಟದ ರೊಟ್ಟಿ ಆಕಿ ಹೊಟ್ಟಿ ತುಂಬಸ್ತೈತೇನು?"

ಅಜ್ಜಿಯ ಮಾತನ್ನು ಎದುರಿಸಬಹುದಿತ್ತು, ಇದನ್ನು ಎದುರಿಸುವುದು ಕಷ್ಟ. ನಿಜದ ಉಪ್ಪಿಟ್ಟೋ ಇಲ್ಲದ ರೊಟ್ಟಿಯೋ ಎಂದು ಕೇಳಿದರೆ ಯಾರಾದರೂ ಉಪ್ಪಿಟ್ಟೇ ಎನ್ನಬೇಕು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಎರಡನೇ ಒಲೆ ಎಂದರೆ ಮೂರು ಇಟ್ಟಿಗೆ ಚೂರು, ಇನ್ನೊಂದು ಹಂಚು, ಅಷ್ಟೇ. ಯಾರಿಗೂ ನೋವಾಗುವುದಿಲ್ಲ, ಉಪ್ಪಿಟ್ಟೂ ಉಳಿಯುತ್ತದೆ.

ಸೀದಾ ಅಬ್ಬಾನ ಅಂಗಡಿಗೆ ಹೋದೆ. ಅವರು ಬಕೆಟ್ಟಿನ ತಳ ಕೂರಿಸುತ್ತಿದ್ದರು. ಎಲ್ಲ ಹೇಳಿದೆ. ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡರು.

"ಇನ್ನೊಂದು ಹಂಚು ಬೇಕಂದರೆ ಈಗಲೇ ಮಾಡಿಕೊಡುತ್ತೇನೆ. ತಗಡು ಇದೆ. ನೀನು ಹೇಳು, ಮಾಡಲೇನು?"

ಕತ್ತರಿ ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದರು. ಅಬ್ಬಾ ತಗಡು ಕತ್ತರಿಸಿ, ಅಂಚು ಮಡಿಚಿ, ಬಡಿದು ಕೊಡುತ್ತಾರೆ. ನಾನು ಅದನ್ನು ಒಯ್ದು ಬೇರೆ ಮೂಲೆಯಲ್ಲಿ ಇಡುತ್ತೇನೆ. ಆ ಹುಡುಗಿ ಬೀಗದ ಕೈ ಝಲ್ಲೆನ್ನಿಸುತ್ತ ಬಂದು ಯಾವುದು ನನ್ನದು ಎಂದು ಕೇಳುತ್ತಾಳೆ. ನಾನು ಬೆರಳು ಮಾಡಿ ತೋರಿಸುತ್ತೇನೆ. ಹಿತ್ತಲ ಬಾಗಿಲನ್ನು ಅವಳು ನೋಡಿ ಕಲಿತಿದ್ದಳು, ಯಾರೂ ಕೂತು ಪಾಠ ಮಾಡಿರಲಿಲ್ಲ. ಇನ್ನು ಮುಂದೆ ಸಂಬಳ ತೆಗೆದುಕೊಂಡು ಪಾಠ ಮಾಡುವವಳು ನಾನಾಗುತ್ತೇನೆ.

"ಬೇಡ ಅಬ್ಬಾ" ಎಂದೆ.

ಅವರು ಕತ್ತರಿ ಕೆಳಗಿಟ್ಟು ಮತ್ತೆ ಬಕೆಟ್ಟಿಗೆ ಕೈ ಹಾಕಿದರು. "ಹಾಗಾದರೆ ಉಪ್ಪಿಟ್ಟು ಎಲ್ಲಿ ಬೇಯಿಸುತ್ತೀಯ ಅನ್ನೋದನ್ನ ಯೋಚನೆ ಮಾಡು" ಎಂದರು. ಇಡೀ ದಿನದಲ್ಲಿ ನನಗೆ ಸಿಕ್ಕ ಉಪಯೋಗದ ಮಾತು ಅದೊಂದೇ. ಮೇಲ್ವಿಚಾರಕಿ ಕೋಣೆ, ಉಪ್ಪಿಟ್ಟು ಎರಡನ್ನೂ ಒಂದಕ್ಕೊಂದು ಕಟ್ಟಿ ನನ್ನ ಮುಂದೆ ಇಟ್ಟಿದ್ದರು. ಬಿಚ್ಚಿದರೆ ಅವು ಬೇರೆ ಬೇರೆಯಾಗಿದ್ದವು. ಹೋಗುವುದು ಕೋಣೆ ಮಾತ್ರ. ಗೋಧಿ ರವೆ, ಎಣ್ಣೆ ಸರ್ಕಾರದ್ದು, ಪಾತ್ರೆ ಸರ್ಕಾರದ್ದು, ಮೂರು ಕಲ್ಲು ಎಲ್ಲಿ ಬೇಕಾದರೂ ಸಿಗುತ್ತವೆ.

ಮರುದಿನ ಯಜಮಾನರ ಮನೆಗೆ ನಾನೇ ಹೋದೆ. ಅವರು ಪಡಸಾಲೆಯಲ್ಲಿ ಕೂತಿದ್ದರು, ಸಾಧು ಮನುಷ್ಯ, ಜಗಳ ಎಂದರೆ ಮುಖ ಸಣ್ಣದಾಗುತ್ತಿತ್ತು. "ಒಲಿ ಒಂದೇ ಇರ್ತೈತ್ರಿ. ಆ ಹುಡುಗಿನ ಹೊರಗ ನಿಂದ್ರು ಅಂತ ನಾ ಹೇಳಂಗಿಲ್ಲ" ಎಂದೆ.

"ಅವ್ವ ಒಪ್ಪಂಗಿಲ್ಲ ಟೀಚರಮ್ಮ. ಸಣ್ಣ ಮಾತಿಗೆ ಯಾಕ ಇಷ್ಟು ದೂರ ಒಯ್ತೀರಿ?"

"ಸಣ್ಣ ಮಾತಾದ್ರ ನೀವ ಬಿಡ್ರಿ."

ಅವರು ಬಿಡಲಿಲ್ಲ. ಕೀಲಿ ಕೇಳಿದರು, ಕೊಟ್ಟೆ.

ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ದೊಡ್ಡ ಹುಣಸೆ ಮರವಿತ್ತು. ಯಾರ ಹೊಲವೂ ಅಲ್ಲ, ಯಾರ ಹಿತ್ತಲೂ ಅಲ್ಲ. ಟ್ರಂಕು, ಪಾತ್ರೆ, ಅಕ್ಷರದ ಪಟ, ಕರಟದ ಬುಟ್ಟಿ ಎಲ್ಲವನ್ನೂ ನಾನೂ ಆಯಾನೂ ಹೊತ್ತು ತಂದು ಅದರ ಕೆಳಗೆ ಇಟ್ಟೆವು. ಮೇಲಿನ ಓಣಿಯವಳಾದ ಆಯಾ ಬರುವುದಿಲ್ಲ ಎಂದುಕೊಂಡಿದ್ದೆ. "ಕ್ವಾಣಿ ಅವರದು, ಕೈ ನಂದು" ಎಂದು ಮೂರು ಕಲ್ಲು ಹೂಡಿ ಒಲೆ ಹಚ್ಚಿಯೇಬಿಟ್ಟಳು. ಮೇಲ್ವಿಚಾರಕಿಗೆ ಬಸ್ಸಿನವರ ಕೈಯಲ್ಲೇ ಹೇಳಿಕಳಿಸಿದೆ. ಬೇರೆ ಕೋಣೆ ಹುಡುಕುವವರೆಗೆ ನಡೆಸು, ಆದರೆ ಮಕ್ಕಳು ಬರದಿದ್ದರೆ ಮುಚ್ಚಬೇಕಾಗುತ್ತದೆ ಎಂಬ ಉತ್ತರ ಬಂತು. ಮರದ ಕೆಳಗೆ ಬಹಳ ದಿನ ಇದ್ದೆವು. ಕೊನೆಗೆ ಸಿಕ್ಕ ಕೋಣೆ ಬೇರೆಯವರದು.

ಮೊದಲ ದಿನಗಳು ಕಷ್ಟದವು. ಮೇಲಿನ ಓಣಿಯ ಒಂದು ಮಗುವೂ ಬರಲಿಲ್ಲ. ಬಂದ ಕೇರಿಯ ಮಕ್ಕಳು ಸುಮ್ಮನೆ ಕೂತಿರುತ್ತಿದ್ದರು. ತಮ್ಮಿಂದ ಏನೋ ಆಗಿದೆ ಎಂದು ಅವರಿಗೆ ಗೊತ್ತಾಗಿತ್ತು. ಗಾಳಿ ಬಂದರೆ ಉಪ್ಪಿಟ್ಟಿನಲ್ಲಿ ಮಣ್ಣು. ಮೇಕೆಗಳು ಬಂದು ಬೆಂಡಿನ ಗಾಡಿಗಳನ್ನು ಮೇದು ಹೋದವು. ಬಸ್ಸಿಳಿದವರೆಲ್ಲ ನಿಂತು ನೋಡುತ್ತಿದ್ದರು, ಒಬ್ಬರು ಸರ್ಕಸ್ ಏನ್ರಿ ಎಂದು ಕೇಳಿದರು. ಆ ಹುಡುಗಿ ಬೀಗದ ಕೈ ಮುಟ್ಟಲೇ ಇಲ್ಲ. ಅವಳ ತಾಯಿ ಬಂದು ನನ್ನ ಮುಂದೆ ಕೈ ಮುಗಿದಳು, "ನನ್ನ ಮಗಳು ಆಳ ಆಗ್ತಾಳ ಬಿಡ್ರಿ ಅಮ್ಮ. ನಮಗೇನು ಹೊಸದಲ್ಲ. ನಿಮ್ಮ ಕೆಲಸ ಹೋದೀತು."

"ಆಕಿ ಆಳ ಆಗಬೇಕಂದ್ರ ಆಗ್ಲಿ. ಆಗು ಅಂತ ನಾ ಹೇಳಂಗಿಲ್ಲ, ನೀನೂ ಹೇಳಬ್ಯಾಡ" ಎಂದೆ. ದನಿ ಜೋರಾಯಿತೇನೋ, ಅವಳು ಬೆಚ್ಚಿದಳು. ಸಿಟ್ಟು ಅವಳ ಮೇಲಿನದ್ದಾಗಿರಲಿಲ್ಲ.

ನನ್ನ ಮಾತಿನಿಂದ ಮೇಲಿನ ಓಣಿ ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಶೇಂಗಾ ಕೀಳುವ ಕಾಲ ಬಂತು, ಅಷ್ಟೇ. ಹೆಂಗಸರೆಲ್ಲ ಹೊಲಕ್ಕೆ ಹೋಗಬೇಕು, ಚಿಕ್ಕ ಮಕ್ಕಳನ್ನು ಎಲ್ಲಿ ಬಿಡುವುದು? ಒಬ್ಬಳು ತಲೆ ತಗ್ಗಿಸಿಕೊಂಡು ಮಗುವನ್ನು ಮರದ ಹತ್ತಿರ ಬಿಟ್ಟು ಓಡಿದಳು, ಮರುದಿನ ಇನ್ನಿಬ್ಬರು. ನಮ್ಮ ಆಟದ ಕಂಡಕ್ಟರ್ ಬಂದ, ಆಟದ ಬಸ್ಸು ಹೊರಟಿತು. ನಿಜವಾದ ಬಸ್ಸು ಪಕ್ಕದಲ್ಲೇ ನಿಲ್ಲುತ್ತಿದ್ದರಿಂದ ಅವನ ಕೂಗು ಈಗ ಇನ್ನೂ ಪಕ್ಕಾ ಆಗಿತ್ತು. ಒಂದು ಬೆಳಿಗ್ಗೆ ನಾನು ಬಸ್ಸಿಳಿಯುವ ಹೊತ್ತಿಗೆ ಹುಡುಗಿ ಆಯಾನ ಒಲೆಯ ಬೂದಿ ತಂದು ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಇಟ್ಟಿಗೆ ಚೂರು ಕೋಣೆಯಲ್ಲೇ ಉಳಿದಿದ್ದವು. ಅವಳು ಬೂದಿಯಲ್ಲೇ ಮನೆ ಕಟ್ಟಿದಳು, ಬಾಗಿಲಿಗೆ ಜಾಗ ಬಿಟ್ಟಳು, ಬೀಗದ ಕೈ ಸಿಕ್ಕಿಸಿಕೊಂಡಳು.

ಆಳು ಬಂದದ್ದು ಅದಾದ ಕೆಲವು ದಿನಕ್ಕೆ. ಯಜಮಾನರ ಮನೆಯವರು ಕಣದಲ್ಲಿ ಕಾಯಿ ಬಿಡಿಸುತ್ತಿದ್ದಾಗ ತಪ್ಪಿಸಿಕೊಂಡು ಓಡಿಬಂದಿದ್ದ. ನನ್ನ ಕಡೆ ನೋಡಲೇ ಇಲ್ಲ. ಸೀದಾ ಹೋಗಿ ಬೂದಿ ಗೆರೆಯ ಆಚೆ ನಿಂತು ಬೊಗಸೆ ಒಡ್ಡಿದ, ನಿನ್ನೆ ಬಿಟ್ಟ ಆಟ ಇವತ್ತು ಮುಂದುವರಿಸುವವನ ಹಾಗೆ. ಹುಡುಗಿ ಹಿಮ್ಮಡಿ ಎತ್ತಿ ಮೇಲಿಂದ ರೊಟ್ಟಿ ಬಿಟ್ಟಳು. ಅವನು ತಿಂದ. ಹುಣಸೆಯ ನೆರಳು ಗೆರೆಯ ಒಳಗಿತ್ತು, ಅವನು ನಿಂತಲ್ಲಿ ಬಿಸಿಲು.

"ಬಿಸಲು ಐತಿ. ನಾ ಒಳಗ ಬರ್ತೀನಿ" ಎಂದ.

"ಆಳು ಒಳಗ ಬರಂಗಿಲ್ಲ."

"ಯಾಕ?"

"ಬರಂಗಿಲ್ಲ."

"ಯಾಕ ಬರಂಗಿಲ್ಲ?"

ಹುಡುಗಿ ಬೀಗದ ಕೈ ಹಿಡಿದುಕೊಂಡು ಯೋಚಿಸಿದಳು. ಅವಳಿಗೆ ಗೊತ್ತಿರಲಿಲ್ಲ. ಎಲ್ಲ ನೋಡಿ ಕಲಿತಿದ್ದಳು, ಇದಕ್ಕೆ ಕಾರಣ ಮಾತ್ರ ಅವಳಿಗೆ ಎಲ್ಲೂ ನೋಡಲು ಸಿಕ್ಕಿರಲಿಲ್ಲ. ನನ್ನ ಕಡೆ ತಿರುಗಿದಳು. "ಟೀಚರ್, ಯಾಕ ಬರಂಗಿಲ್ಲ?"

ಮಗು ಕೇಳಿದರೆ ಉತ್ತರ ಕೊಡಬೇಕು. ನನ್ನ ಬಾಯಲ್ಲಿ ಒಂದು ದೊಡ್ಡ ಭಾಷಣ ತಯಾರಿತ್ತು, ಎಷ್ಟೋ ದಿನದಿಂದ ತಯಾರಿತ್ತು. ಅದನ್ನು ನುಂಗಿಕೊಂಡೆ. "ನನಗೂ ಗೊತ್ತಿಲ್ಲವ್ವ. ಮನಿ ನಿಂದು" ಎಂದೆ.

ಅವಳು ಮನೆಯನ್ನು ಒಮ್ಮೆ ಸುತ್ತ ನೋಡಿದಳು. ನಾಲಿಗೆ ಲೊಚಗುಟ್ಟಿದಳು. "ಕಾಲು ತೊಳ್ಕೊಂಡು ಬಾ" ಎಂದಳು.

ಅವನು ಇಲ್ಲದ ಚೊಂಬಿನಿಂದ ಇಲ್ಲದ ನೀರು ಹುಯ್ದುಕೊಂಡು ಒಂದೊಂದೇ ಕಾಲು ಉಜ್ಜಿ ತೊಳೆದ, ಬಾಗಿಲಿನ ಜಾಗದಲ್ಲಿ ತಲೆ ತಗ್ಗಿಸಿ ಒಳಗೆ ಹೋದ, ಚಕ್ಕಳಮಕ್ಕಳ ಹಾಕಿ ಕೂತ. ಅವಳು ಕರಟ ತಂದಿಟ್ಟು, ಬಗ್ಗಿ, ಅದರೊಳಗೆ ರೊಟ್ಟಿ ಇಟ್ಟಳು. ಪಲ್ಯ ಹಾಕಲೇನು ಎಂದು ಕೇಳಿದಳು. ಆಯಾ ಉಪ್ಪಿಟ್ಟು ತಿರುವುವುದನ್ನು ಬಿಟ್ಟು ನೋಡುತ್ತಿದ್ದಳು, ತಳ ಹಿಡಿಯಿತು. ನಾನು ಬೈಯಲಿಲ್ಲ.

ಆಮೇಲೆ ಅವನು ದಿನಾ ತಪ್ಪಿಸಿಕೊಂಡು ಬರತೊಡಗಿದ. ಎಷ್ಟು ದಿನ ಮುಚ್ಚಿಟ್ಟಾರು? ಒಂದು ಮಧ್ಯಾಹ್ನ ಅಜ್ಜಿ ಬಂದೇಬಿಟ್ಟರು. ದೂರದಿಂದಲೇ ಬೀಗದ ಕೈ ಸಪ್ಪಳ ಕೇಳಿತು. ಬಸ್ಸಿಗೆ ಕಾಯುತ್ತಿದ್ದವರು ಎದ್ದು ದಾರಿ ಬಿಟ್ಟರು. ಆಯಾ ಸೌಟು ಹಿಡಿದುಕೊಂಡೇ ಮರದ ಹಿಂದೆ ಸರಿದಳು. ಮಗುವನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾರೆ, ಇವತ್ತಿಗೆ ಮುಗಿಯಿತು ಎಂದುಕೊಂಡು ನಾನೂ ಎದ್ದು ನಿಂತೆ.

ಮೊಮ್ಮಗ ಬೂದಿ ಗೆರೆಯ ಒಳಗೆ, ನಡುಮನೆಯಲ್ಲಿ, ಕರಟದ ಮುಂದೆ ಕೂತಿದ್ದ. ಅಜ್ಜಿ ದಾಪುಗಾಲಲ್ಲಿ ಬಂದವರು ಗೆರೆಯ ಹತ್ತಿರ ಬಂದು ನಿಂತರು. ಕಾಲು ಮುಂದಕ್ಕೆ ಇಡಲಿಲ್ಲ. ಒಂದು ಬೆರಳಗಲ ಬೂದಿ. ಒರೆಸಿ ದಾಟಬಹುದಿತ್ತು, ಕೈ ಚಾಚಿದ್ದರೆ ಹುಡುಗ ಸಿಗುತ್ತಿದ್ದ. ಆದರೆ ಆ ಕ್ಷಣದಲ್ಲಿ ನನಗೆ ಅರ್ಥವಾಯಿತು: ಅದು ಆ ಹುಡುಗಿಯ ಮನೆ. ಇಲ್ಲದ ರೊಟ್ಟಿ ತಿಂದರೆ ಮೈಲಿಗೆ ಎಂದ ಮೇಲೆ ಇಲ್ಲದ ಹೊಸ್ತಿಲು ದಾಟಲು ಅವರಿಗೆ ಹೇಗೆ ಸಾಧ್ಯ?

"ಹೊರಗ ಬಾ ಲೇ" ಎಂದರು.

"ಉಂಡು ಬರ್ತೀನಿ" ಎಂದ ಮೊಮ್ಮಗ.

ಹುಡುಗಿ ತಟ್ಟುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಬಾಗಿಲ ಆಚೆ ಬಿಸಿಲಲ್ಲಿ ನಿಂತವರು ಯಾರು ಎಂದು ಅವಳಿಗೆ ಗೊತ್ತಿತ್ತು, ಆದರೆ ಆಗ ಅವಳು ಅಮ್ಮಾರು. "ಯಾಕ ಹೊರಗ ನಿಂತೀರಿ? ಒಳಗ ಬರ್ರಿ" ಎಂದಳು.

ಅಜ್ಜಿಯ ಮುಖ ಕೆಂಪಗಾಯಿತು. ಹುಡುಗಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಆಗ ಅವರ ದನಿಯಲ್ಲಿ ನಾನು ಮೊದಲ ಸಲ ಒಂದು ಬೇಡಿಕೆ ಕೇಳಿದೆ.

"ಟೀಚರಮ್ಮ, ಹೊರಗ ಹೋಗು ಅಂತ ನೀವ ಒಂದು ಮಾತು ಹೇಳ್ರಿ ಅವನಿಗೆ."

ಹೇಳಬಹುದಿತ್ತು. ವಯಸ್ಸಾದವರು, ನೆತ್ತಿ ಸುಡುವ ಬಿಸಿಲು. ನಾನು ಮತ್ತೆ ಮರಕ್ಕೆ ಬೆನ್ನು ಕೊಟ್ಟು ಕೂತೆ.

"ಆಟದಾಗ ನಾನು ಮಾತಾಡಂಗಿಲ್ಲಮ್ಮ" ಎಂದೆ.

ಹುಡುಗ ನಿಧಾನವಾಗಿ ಉಂಡ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅದು ಮುಗಿಯುವವರೆಗೂ ಅವರು ಗೆರೆಯ ಆಚೆ ನಿಂತೇ ಇದ್ದರು.